ಹತ್ತೊಂಬತ್ತನೆಯ ಕಲಮು

ನಮ್ಮ ವಿಜಯಪುರದ ಕಚೇರಿಗೆ ಬರುವ ತೆರಿಗೆ ಸಲಹೆಗಾರರ ಪರವಾನಗಿ ಅರ್ಜಿಯಲ್ಲಿ ನಲವತ್ತೊಂದು ಕಲಮುಗಳಿದ್ದವು. ಅದನ್ನು ಸರಳಗೊಳಿಸಿ ಕರಡು ಕಳುಹಿಸಬೇಕೆಂದು ಮೇಲಿನಿಂದ ಪತ್ರ ಬಂತು. ಸಂಖ್ಯಾಶಾಸ್ತ್ರ ಓದಿದವಳೆಂಬ ಕಾರಣಕ್ಕೆ ಇಂಥ ಕೆಲಸಗಳು ನನ್ನ ಮೇಜಿಗೇ ಬರುತ್ತವೆ. ಯಾವುದು ಬೇಕು, ಯಾವುದು ಬೇಡ ಎಂದು ಊಹಿಸಲು ಮನಸ್ಸಾಗಲಿಲ್ಲ. ಹಳೆಯ ಅರವತ್ತು ಅರ್ಜಿಗಳನ್ನು ತೆಗೆಸಿದೆ. ಪ್ರತಿ ಕಲಮಿನ ಮುಂದೆ ಒಂದೇ ಪ್ರಶ್ನೆ ಬರೆದುಕೊಂಡೆ: ಇದರಿಂದ ಯಾವತ್ತಾದರೂ ಏನಾದರೂ ನಿರ್ಧಾರವಾಗಿದೆಯೇ?

ಹೆಚ್ಚಿನವುಗಳಿಂದ ಏನೂ ಆಗಿರಲಿಲ್ಲ. ಅರ್ಜಿದಾರರ ಮೈಮೇಲಿನ ಮಚ್ಚೆ ಕೇಳುವ ಕಲಮೂ ಇತ್ತು. ಹತ್ತೊಂಬತ್ತನೆಯದು ಮಾತ್ರ ಬೇರೆ. 'ವೃತ್ತಿ ನಡೆಸುವ ಸ್ಥಳ. ವಿದ್ಯುತ್ ಬಿಲ್ ಲಗತ್ತಿಸಿ.' ಹದಿನಾಲ್ಕು ಅರ್ಜಿಗಳು ಇದೊಂದರಿಂದಲೇ ವಾಪಸಾಗಿದ್ದವು. ಅವುಗಳಲ್ಲಿ ಎರಡು ಒಬ್ಬಳವೇ, ಮಮದಾಪುರದ ಮೇಘಾ ಎಂಬವಳವು. ಎರಡನ್ನೂ ತಿರಸ್ಕರಿಸಿದ ಸಹಿ ನನ್ನದು.

ಮೊದಲ ಸಲ ಅವಳು 'ಸೋಮವಾರ ತಿಕೋಟಾ, ಬುಧವಾರ ಬಬಲೇಶ್ವರ, ಉಳಿದ ದಿನ ಗಾಂಧಿ ಚೌಕ' ಎಂದು ಬರೆದು ಬಿಲ್ ಇಟ್ಟಿರಲಿಲ್ಲ. ಎರಡನೆಯ ಸಲ ಆ ಮೂರೂ ಕಡೆ ತಾನು ಕೂರುವ ಅಂಗಡಿಗಳ ಮೂರು ಬಿಲ್ ಇಟ್ಟಿದ್ದಳು. ಒಂದಕ್ಕಿಂತ ಹೆಚ್ಚು ಸ್ಥಳ ನಡೆಯದೆಂದು ಬರೆದು ಕಳಿಸಿದ್ದೆ.

ಮುಂದಿನ ಸೋಮವಾರ ರಜೆ ಹಾಕಿ ತಿಕೋಟಾ ಬಸ್ಸು ಹತ್ತಿದೆ.

ಬಸಲಿಂಗಯ್ಯನವರ ಒಣದ್ರಾಕ್ಷಿ ಅಂಗಡಿಯಲ್ಲಿ, ಪೆಟ್ಟಿಗೆಗಳ ಸಾಲಿನ ಪಕ್ಕ ಗಾದಿಯ ತುದಿಗೆ ಮೇಘಾ ಕುಳಿತಿದ್ದಳು. ಕೈಯಲ್ಲಿ ಕಾಗದ ಹಿಡಿದ ನಾಲ್ಕೈದು ಮಂದಿ ಕಾಯುತ್ತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ನಿಂತಳು. ವಿಜಯಪುರದ ಅರುಣಕುಮಾರ ಎಂಬ ಹಿರಿಯ ಸಲಹೆಗಾರರ ಕೈಕೆಳಗೆ ಆರು ವರ್ಷದಿಂದ ಕೆಲಸ ಮಾಡುತ್ತಿರುವುದಾಗಿಯೂ, ತಾನು ಸಿದ್ಧಪಡಿಸಿದ ಲೆಕ್ಕಪತ್ರಗಳಿಗೆ ಅವರು ಸಹಿ ಹಾಕುವುದಾಗಿಯೂ ಹೇಳಿದಳು. ಅವರ ಕಣ್ಣು ಮಂಜಾಗಿ, ಮಾರ್ಚ್ ಮುಗಿಯುವಷ್ಟರಲ್ಲಿ ಕಚೇರಿ ಮುಚ್ಚುವವರಿದ್ದರು. ಅಷ್ಟರೊಳಗೆ ಸ್ವಂತ ಪರವಾನಗಿ ಬರದಿದ್ದರೆ ಈ ಊರುಗಳ ಜನ ಬೇರೆಯವರ ಬಳಿ ಹೋಗಲೇಬೇಕು. ಉಳಿದದ್ದು ಮೂರು ವಾರ.

ಒಂದೇ ಬಿಲ್ ಇಟ್ಟಿದ್ದರೆ ಆಗುತ್ತಿತ್ತಲ್ಲ ಎಂದೆ. ಅವಳು ಬಸಲಿಂಗಯ್ಯನವರ ಮುಖ ನೋಡಿದಳು.

"ನಂದ ಇಡು ಅಂತ ನಾನೂ ಹೇಳಿದ್ನಿರಿ," ಎಂದರು ಅವರು. "ಬಬಲೇಶ್ವರದಾಗ ಅರಿವಿ ಅಂಗಡಿ ಶಾಹೀನಬಾಯಿ ಅದಾಳಲ್ಲ, ಆಕಿ ಕೇಳಬೇಕಲ್ಲ. ತಿಕೋಟಾದಾಗಷ್ಟ ಕರೆಂಟ್ ಐತೇನು, ನಾವೇನ್ ಚಿಮಣಿ ಹಚ್ಚಿ ಕುಂತೇವೇನು ಅಂದ್ಲಂತ. ಗಾಂಧಿ ಚೌಕದ ಪಾತ್ರೆ-ಭಾಂಡೆ ಅಂಗಡಿಯವ ಎರಡ ದಿನ ಮಾತ ಬಿಟ್ಟಿದ್ನಂತ."

ಕಾಯುತ್ತಿದ್ದವರು ನಕ್ಕರು. ಮೇಘಾ ನಗಲಿಲ್ಲ.

"ಮೂರೂ ಕಡೆ ಕುಂಡ್ರಾಕ ಜಾಗಾ ಕೊಟ್ಟಾರ ಮೇಡಂ, ಒಂದ ರೂಪಾಯಿ ಬಾಡಿಗಿ ಕೇಳಿಲ್ಲ. ಇಬ್ಬರನ್ನ ಹೆಂಗ ಬಿಡ್ಲಿ? ಬಾಡಿಗಿ ಖೋಲಿ ಹಿಡದಂಗ ಸುಳ್ಳ ಕಾಗದ ಮಾಡಿ ಕೊಡೋರೂ ಅದಾರ. ಅದನ್ನಿಟ್ಟು ಲೈಸೆನ್ಸ್ ತಗೊಂಡು, ನಾಳೆ ಇವರಿಗೆ ಖರೇ ಲೆಕ್ಕಾ ಕೊಡ್ರಿ ಅಂತ ಯಾವ ಬಾಯಿಲೆ ಹೇಳ್ಲಿ?"

ಮರಳುವಾಗ ಬಸ್ಸಿನಲ್ಲಿ ಆ ಮಾತು ಕೊರೆಯುತ್ತಿತ್ತು. ಮರುದಿನ, ಮಂಜೂರಾದ ಅರ್ಜಿಗಳ ಬಿಲ್ಲುಗಳನ್ನು ಒಂದೊಂದಾಗಿ ನೋಡಿದೆ. ಏಳು ಅರ್ಜಿಗಳಲ್ಲಿ ಇಬ್ರಾಹಿಂಪುರದ ಒಂದೇ ಮನೆಯ ಬಿಲ್ ಇತ್ತು. ಮೀಟರ್ ಸಂಖ್ಯೆಯೂ ಒಂದೇ. ಏಳು ಜನ ಅಲ್ಲಿ ಕೆಲಸ ಮಾಡುತ್ತಿರಲಿಕ್ಕೆ ಸಾಧ್ಯವೇ ಇರಲಿಲ್ಲ. ನಾನು ಅವನ್ನು ಪ್ರಶ್ನಿಸಿರಲಿಲ್ಲ, ಏಕೆಂದರೆ ಕಲಮು ತುಂಬಿತ್ತು.

ಕರಡಿನಲ್ಲಿ ಹತ್ತೊಂಬತ್ತನ್ನು ಹೊಡೆದುಹಾಕಿದೆ. ಆದರೆ ಹೊಸ ನಮೂನೆ ಜಾರಿಗೆ ಬರಲು ವರ್ಷ ಬೇಕಾಗಬಹುದು. ಮೇಘಾಗೆ ಅದರಿಂದ ಉಪಯೋಗವಿಲ್ಲ. ಹಾಗಾದರೆ ಈ ಬಿಲ್ಲಿನ ಷರತ್ತು ಬಂದದ್ದಾದರೂ ಎಲ್ಲಿಂದ ಎಂದು ಮೂಲ ನಿಯಮ ತೆಗೆದೆ. ಸ್ಥಳ ತಿಳಿಸಬೇಕು ಎಂದಷ್ಟೇ ಇತ್ತು. ಬಿಲ್ಲಿನ ಮಾತೇ ಇಲ್ಲ, ಒಂದೇ ಸ್ಥಳವಿರಬೇಕೆಂದೂ ಇಲ್ಲ. ಹಳೆಯ ಕಡತಗಳಲ್ಲಿ ಹಿಂದೆ ಹಿಂದೆ ಹೋದೆ. ಹನ್ನೊಂದು ವರ್ಷದ ಕೆಳಗಿನ ಒಂದು ಹಾಳೆಯಲ್ಲಿ, ಯಾರೋ ಪುರಾವೆ ಏನು ಕೊಡಬೇಕೆಂದು ಕೇಳಿದ್ದಕ್ಕೆ, 'ಉದಾಹರಣೆಗೆ, ವಿದ್ಯುತ್ ಬಿಲ್' ಎಂದು ಅಂಚಿನಲ್ಲಿ ಬರೆದಿತ್ತು. ಮುಂದಿನ ವರ್ಷದ ಬೆರಳಚ್ಚಿನಲ್ಲಿ ಅದು ಉದಾಹರಣೆಯಾಗಿ ಉಳಿಯದೆ ನಿಯಮವೇ ಆಗಿತ್ತು. ಅಂಚಿನ ಬರಹ ನನ್ನದು. ಆಗ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು.

ಆ ಹಾಳೆಯ ಪ್ರತಿಯನ್ನು ಮೇಘಾಳ ಅರ್ಜಿಯ ಜೊತೆಗಿಟ್ಟು, ಈ ಷರತ್ತು ನನ್ನ ಟಿಪ್ಪಣಿಯಿಂದ ತಪ್ಪಾಗಿ ಸೇರಿದೆ, ಹಿಂದಿನ ಎರಡೂ ತಿರಸ್ಕಾರಗಳು ಸರಿಯಲ್ಲ ಎಂದು ಬರೆದು ಸಹಿ ಮಾಡಿದೆ. ಇಬ್ರಾಹಿಂಪುರದ ಏಳನ್ನೂ ಪರಿಶೀಲನೆಗೆ ಬರೆದೆ. ಮೇಲಧಿಕಾರಿ ಎರಡು ಸಲ ಓದಿದರು. ಏಳೂ ನಾನೇ ಮಂಜೂರು ಮಾಡಿದ್ದವು ಎಂಬುದನ್ನು ನೆನಪಿಸಿದರು. ಗೊತ್ತಿದೆ ಎಂದೆ. ಮೂವರು ಅಂಗಡಿಯವರಿಂದ ಒಪ್ಪಿಗೆ ಪತ್ರ ತರಿಸಿಕೊಳ್ಳಿ ಎಂದರು.

ಪತ್ರವನ್ನು ಮೇಘಾ ಮೂರು ದಿನ ತಡವಾಗಿ ತಂದಳು. ಮೊದಲ ಸಹಿ ಯಾರದು ಎಂಬ ತಕರಾರು ಎದ್ದಿತ್ತಂತೆ. ಕೊನೆಗೆ ಅವಳು ಅಂಗಡಿಗಳಿಗೆ ಬರುವ ದಿನಗಳ ಕ್ರಮದಲ್ಲೇ ಮೂವರೂ ಸಹಿ ಹಾಕಿದ್ದರು.

ಮಂಜೂರಾತಿ ಸಿದ್ಧವಾದದ್ದು ಶುಕ್ರವಾರ, ಮಾರ್ಚ್ ಇನ್ನೂ ಮುಗಿದಿರಲಿಲ್ಲ. ರವಾನೆ ನೋಡಿಕೊಳ್ಳುವ ಇಸಾಕ ಲಕೋಟೆ ಹಿಡಿದು ಬಂದರು.

"ಮೇಡಂ, ವಿಳಾಸ ಮೂರ ಅದಾವ. ಯಾವುದಕ್ಕ ಕಳಸೂದು?"

"ಟಪಾಲು ಯಾವಾಗ ಮುಟ್ಟತೈತಿ?"

"ನಾಳೆ ಹಾಕಿದ್ರ ಸೋಮವಾರ ಮುಟ್ಟಬೇಕು."

"ಹಂಗಾರ ತಿಕೋಟಾ ಬರೀರಿ."