ಗುಲಾಬಿಯಮ್ಮನ ಅಳತೆಕಡ್ಡಿ

ಗುಲಾಬಿಯಮ್ಮ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಪಾದವನ್ನು, ಮುಖವೇನಿದ್ದರೂ ಆಮೇಲೆ. ಉಡುಪಿಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಮೂವತ್ತು ವರ್ಷ ವಾರ್ಡನ್ ಆಗಿದ್ದ ಅವರಿಗೆ, ಬಂದ ಹುಡುಗಿ ಎಷ್ಟು ದೂರ ನಡೆದವಳು, ಎಷ್ಟು ಹೆದರಿದವಳು ಎಂಬುದೆಲ್ಲ ಅವಳ ಹಿಮ್ಮಡಿಯಲ್ಲೇ ತಿಳಿಯುತ್ತಿತ್ತಂತೆ. ಎಪ್ಪತ್ತು ದಾಟಿ, ಪಾಲೋ ಆಲ್ಟೋದಲ್ಲಿ ಮಗಳು ಲಾಸ್ಯಾಳ ಮನೆಯಲ್ಲಿ ನೆಲೆಸಿದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ನೂಲಿನ ಸೀರೆ, ಅದರ ಮೇಲೆ ಅಳಿಯ ಧನುಷನ ಹಳೆಯ ಕೋಟು, ಬಲಕ್ಕೆ ತುಸು ವಾಲುವ ಬಿರುಸು ನಡಿಗೆ, ಎಂಥ ಕೆಲಸ ಎದುರಾದರೂ "ಎಂತ ಮಾಡುದು? ಮಾಡುವ" ಎಂಬ ಒಂದೇ ಮಾತು.

ದೇಶದ ದಕ್ಷಿಣದ ಗಡಿ ದಾಟಿ ಸಾವಿರಾರು ಜನ ಆಶ್ರಯ ಬೇಡಿ ಬರುತ್ತಿದ್ದ ಆ ಚಳಿಗಾಲದಲ್ಲಿ, ಎಂಬತ್ತು ಮಂದಿ ಮಾರ್ಗನ್ ಹಿಲ್ ಎಂಬ ಊರಿನ ಚರ್ಚೊಂದರ ಸಭಾಂಗಣದಲ್ಲಿ ಬಂದಿಳಿದರು. ಕಾಡು, ಹೊಳೆ, ಮರಳುಗಾಡುಗಳನ್ನು ಹಾದುಬಂದವರು. ಅವರ ಹರಿದ ಶೂಗಳಲ್ಲಿ ಲೇಸುಗಳೂ ಇರಲಿಲ್ಲ. ಗಡಿಯ ಬಂಧನ ಶಿಬಿರದಲ್ಲಿ ಕಾವಲಿನವರು ಅವನ್ನು ಬಿಚ್ಚಿಸಿಕೊಂಡಿದ್ದರು. ಶುಕ್ರವಾರ ಬೆಳಿಗ್ಗೆ ಅವರನ್ನು ಬಸ್ಸಿನಲ್ಲಿ ಅವರವರ ನೆಂಟರ ಊರುಗಳಿಗೆ ಕಳುಹಿಸುವ ಏರ್ಪಾಡು. ಊಟ, ಹಾಸಿಗೆ ಚರ್ಚಿನವರದು. ಶೂ ಒದಗಿಸುವ ಹೊಣೆ ನಮ್ಮ ಕೆಲವು ಕನ್ನಡ ಮನೆಗಳದು. ಸರಿಯಾದ ಶೂ ಇಲ್ಲದೆ ಒಬ್ಬರೂ ಬಸ್ಸು ಹತ್ತಕೂಡದೆಂದು ಗುಲಾಬಿಯಮ್ಮ ಪಟ್ಟು ಹಿಡಿದರು.

"ಸೈಜ್ ಕೇಳಿ ಲಿಸ್ಟ್ ಮಾಡ್ತೀನ್ರಿ ಅಮ್ಮಾ, ಅಷ್ಟ ಸಾಕು" ಎಂದ, ಕೆಲಸ ಹಂಚುತ್ತಿದ್ದ ಹುಬ್ಬಳ್ಳಿಯ ಕೇದಾರ.

"ಅವರ ಸೈಜು ಅವರಿಗೇ ಗೊತ್ತುಂಟಾ ಮಾರಾಯ? ನಡೆದು ನಡೆದು ಕಾಲು ಬಾತಿದೆ."

ಊರಿನಿಂದ ಸೂಟ್‌ಕೇಸಿನಲ್ಲಿ ತಂದಿದ್ದ ತೆಂಗಿನ ಕಡ್ಡಿಯ ಪೊರಕೆಯನ್ನು ಬಿಚ್ಚಿದರು. ನೆಲದ ಮೇಲೆ ಕುಳಿತು, ಒಬ್ಬೊಬ್ಬರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಕಡ್ಡಿ ಹಿಡಿದು, ಅಷ್ಟಕ್ಕೇ ಮುರಿದು, ಹೆಸರಿನ ಚೀಟಿ ಕಟ್ಟಿದರು. ಮಗನ ವಯಸ್ಸಿನವರ ಕಾಲನ್ನು ಹಿರಿಯರು ಮುಟ್ಟುವುದೇ ಎಂದು ನಮ್ಮವರು ಮುಜುಗರಪಟ್ಟರೆ, "ಮುಟ್ಟದೆ ಅಳೆಯುದು ಹೇಗೆ? ನೀ ಹೇಳು" ಎಂದರು.

ಆ ಕಡ್ಡಿಗಳ ಅಳತೆಗೆ ಶೂ ಕೊಂಡು ತರುತ್ತ ಹೋಗಿ, ಗುರುವಾರ ಸಂಜೆಯ ಹೊತ್ತಿಗೆ ಒಂದೇ ಒಂದು ಕಡ್ಡಿ ಉಳಿಯಿತು, ಹೊಂಡುರಾಸಿನ ಓಸ್ವಾಲ್ಡೊ ಎಂಬ ಬಡಗಿಯದು. ಅಗಲವಾದ, ಗುಳ್ಳೆಯೊಡೆದ ಪಾದ. ಬಸ್ಸಿಳಿದ ಮೇಲೂ ಅಣ್ಣನ ಮನೆಗೆ ಆರು ಮೈಲಿ ನಡೆಯಬೇಕಾದವನು. ನಾಲ್ಕು ಅಂಗಡಿ ಸುತ್ತಿದರೂ ಸರಿಯಾದದ್ದು ಸಿಗಲಿಲ್ಲ. ಬಿಗಿಯಾದ ಒಂದು ಜೊತೆಯನ್ನು ತೋರಿಸಿ ಅವನು, ಇದೇ ಸಾಕು ಎಂದ. ಆಸ್ಪತ್ರೆಯ ಕೆಲಸದಲ್ಲಿ ಸ್ಪ್ಯಾನಿಷ್ ಕಲಿತಿದ್ದ ಲಾಸ್ಯಾ ಅದನ್ನು ತಾಯಿಗೆ ತಿಳಿಸಿದಳು.

"ಸಾಕು ಅಂತ ಅವನ ಕಾಲು ಹೇಳ್ಬೇಕು, ಬಾಯಿ ಅಲ್ಲ."

ಶುಕ್ರವಾರ ಆದ ಪ್ರಮಾದ ನಮ್ಮವರಿಂದ ಮಾತ್ರ ಆಗಬಹುದಾದದ್ದು. ಬೀಳ್ಕೊಡಲು ಬಂದ ನಾವೆಲ್ಲ ವಾಡಿಕೆಯಂತೆ ಸಭಾಂಗಣದ ಬಾಗಿಲಲ್ಲಿ ಶೂ ಕಳಚಿಟ್ಟು ಒಳಗೆ ಹೋದೆವು. ಸಾಲಾಗಿದ್ದ ಆ ಜೋಡಿಗಳನ್ನು ಹೊರಟವರು, ಬೇಕಾದವರು ಬದಲಿಸಿಕೊಳ್ಳಲೆಂದು ಇಟ್ಟ ಅಂದಿನ ಕೊಡುಗೆಯೆಂದೇ ಭಾವಿಸಿದರು. ನಾವು ಹೊರಬಂದಾಗ ಐದು ಜೊತೆಗಳಿರಲಿಲ್ಲ. ಬಸ್ಸಿನ ಬಳಿ ಓಸ್ವಾಲ್ಡೊನ ಕಾಲಲ್ಲಿದ್ದುದು ಧನುಷನ ಹೊಸ ಶೂ.

"ಅತ್ತೆ, ಅದು ನಂದು!" ಎಂದ ಧನುಷ್. ಓಸ್ವಾಲ್ಡೊಗೆ ಭಾಷೆ ತಿಳಿಯದಿದ್ದರೂ ಸಂಗತಿ ತಿಳಿಯಿತು. ಮುಖ ಕಪ್ಪಿಟ್ಟು, ಬಿಚ್ಚಲೆಂದು ಬಾಗಿದ. ಚಾಲಕ ಹಾರ್ನ್ ಹೊಡೆದ. ಗುಲಾಬಿಯಮ್ಮ ಟಾರಿನ ಮೇಲೆಯೇ ಮಂಡಿಯೂರಿ, ಅವನ ಹಿಮ್ಮಡಿಯನ್ನು ಕೆಳಕ್ಕೊತ್ತಿ ಹಿಡಿದು, ಶೂವಿನ ತುದಿಯನ್ನು ಹೆಬ್ಬೆರಳಿನಿಂದ ಅದುಮಿ ನೋಡಿದರು. ಸರಿಯಾಗಿ ಅರ್ಧ ಬೆರಳಿನ ತೆರಪು.

"ನಾಲ್ಕು ಅಂಗಡಿ ತಿರುಗಿದೆ. ಇದು ನಮ್ಮ ಮನೆ ಬಾಗಿಲಲ್ಲೇ ಇತ್ತಲ್ಲ!"

"ನಂಗೆ ಹನ್ನೊಂದಕ್ಕೆ ಆಫೀಸಲ್ಲಿ ಮೀಟಿಂಗು ಉಂಟು, ಅತ್ತೆ."

"ಮೀಟಿಂಗಿಗೆ ನಡ್ಕೊಂಡು ಹೋಗ್ತೀಯಾ? ಕಾರುಂಟು ನಿಂಗೆ. ಇವ ನಡೀಬೇಕು."

ಲೇಸನ್ನು ಎರಡು ಗಂಟು ಬಿಗಿದು, ಓಸ್ವಾಲ್ಡೊನ ಬೆನ್ನು ತಟ್ಟಿ ಬಸ್ಸಿಗೆ ಹತ್ತಿಸಿದರು. ಧನುಷ್ ಬಸ್ಸಿನತ್ತ ಕೈಯೆತ್ತಿದ. ಅವನ ಕಾಲುಚೀಲ ನೋಡಿ ಕೇದಾರ, "ಗುಡಿ ಮುಂದ ಚಪ್ಪಲಿ ಹ್ವಾದಂಗಾತ್ ನೋಡ್ರಿ. ಶನಿ ಬಿಡ್ತು!" ಎಂದು ನಗಿಸಿದ.

ಬಂದವರ ಸಂಖ್ಯೆಯನ್ನು ಕೇಳಿ ಮರುಗಿದವರು, ಹೌಹಾರಿದವರು ಆ ವರ್ಷ ಬಹಳ ಮಂದಿ ಇದ್ದರು. ಗುಲಾಬಿಯಮ್ಮನಂಥವರಿಗೆ ಸಂಖ್ಯೆ ಕಣ್ಣಿಗೇ ಬೀಳುವುದಿಲ್ಲ. ಎದುರಿಗೆ ಕುಳಿತ ಒಬ್ಬನಿಗೆ ಏನು ಬೇಕೆಂಬುದು ಕರಾರುವಾಕ್ಕಾಗಿ ತಿಳಿಯುವವರೆಗೆ ಅವರು ಏಳುವುದಿಲ್ಲ, ತಿಳಿದ ಮೇಲೆ ಅದು ಯಾರದೆಂದು ಕೇಳುವುದೂ ಇಲ್ಲ. ಇಂಥವರೊಡನೆ ಒಂದೇ ಸೂರಿನಡಿ ಬಾಳುವುದು ಸುಲಭವಲ್ಲ. ಆದರೆ ದಾರಿಗೆ ಬಿದ್ದವನೊಬ್ಬ ನೋವಿಲ್ಲದೆ ಮನೆ ಸೇರುವುದು, ಬಹುಪಾಲು, ಇಂಥವರ ಹಟದಿಂದಲೇ.