ಬಾಣಂತಿಯ ಬಚ್ಚಲಿಗೆ ಯಾವ ಗೀಸರ್?

ದೇಜಪ್ಪಜ್ಜನಿಗೆ ಎಪ್ಪತ್ತೆಂಟಾಯಿತು, ನಿನ್ನೆ ತಿಂದದ್ದು ಇವತ್ತು ನೆನಪಿರುವುದಿಲ್ಲ ಎಂದು ಈ ವಾಟ್ಸಾಪ್ ಗ್ರೂಪಿನಲ್ಲಿ ಹಲ್ಲು ಕಿಸಿಯುವವರು ಸ್ವಲ್ಪ ಬಾಯಿ ಮುಚ್ಚಿ ಕೇಳಿ. ನಿನ್ನೆ ತಿಂದದ್ದು ಯಾರಿಗೆ ಬೇಕು? ಹೋದ ಜೂನಿನ ಒಂದು ಮಂಗಳವಾರ ಪಕ್ಕದ ಮನೆಯ ಬಚ್ಚಲಿನ ಕಿಟಕಿಗೆ ತುರುಕಿದ್ದ ಬೆಡ್‌ಶೀಟ್ ಯಾವ ಬಣ್ಣದ್ದು ಎಂದು ಕೇಳಿ, ಹೇಳುತ್ತೇನೆ. ನೀಲಿ. ಅಂಚಿನಲ್ಲಿ ಹಳದಿ ಹೂ. ಅದನ್ನು ಎಳೆದು ಅಂಗಳಕ್ಕೆ ಬಿಸಾಡಿದವನು ನಾನೇ.

ಕಾಪುವಿನಲ್ಲಿ ನಮ್ಮ ಪಕ್ಕದ ಮನೆ ಸ್ಟ್ಯಾನಿಸ್ಲಾಸ್ ಪೊರ್ಬುಗಳದ್ದು. ಹೆಂಡತಿ ಕಾನ್ಸೆಪ್ಟಾ ಬಾಯಿ. ಮಗಳು ಲೀನಾ ಹೆರಿಗೆಗೆ ತಾಯಿಮನೆಗೆ ಬಂದಿದ್ದಳು. ಉಡುಪಿಯ ಆಸ್ಪತ್ರೆಯಲ್ಲಿ ಹೆಣ್ಣುಮಗು ಆಯಿತು. ತಾಯಿ, ಮಗು ಮನೆಗೆ ಬರಲು ಎರಡು ದಿನ ಉಂಟು ಎನ್ನುವಾಗ ಇವರ ಕರೆಂಟಿನ ಗೀಸರ್ ಸೋರಲು ಶುರು. ಕಡಲ ಬದಿಯ ಬಾವಿಯಲ್ಲವೇ, ಉಪ್ಪುನೀರು ಟ್ಯಾಂಕನ್ನು ತಿಂದು ಹಾಕಿತ್ತು. ಬಾಣಂತಿ ಸ್ನಾನ ಎಂದರೆ ಗೊತ್ತಲ್ಲ, ಮೈಗೆ ಎಣ್ಣೆ ತಿಕ್ಕಿ, ಒಂದರ ಹಿಂದೆ ಒಂದು ಬಾಲ್ದಿ ಸುಡುನೀರು, ಮುಕ್ಕಾಲು ಗಂಟೆ ಬೇಕು.

"ಈ ಸಲ ಗ್ಯಾಸಿನದ್ದು ಹಾಕಿಸುತ್ತೇನೆ ದೇಜಪ್ಪಣ್ಣ," ಎಂದರು ಪೊರ್ಬುಗಳು. "ಮಳೆಗಾಲದಲ್ಲಿ ಕರೆಂಟ್ ನಂಬಿ ಕೂತರೆ ನನ್ನ ಮಗಳು ತಣ್ಣೀರಲ್ಲಿ ಮೀಯಬೇಕಾದೀತು."

"ಒಳ್ಳೆಯದೇ ಮಾರಾಯ್ರೆ," ಎಂದೆ. ಹೌದು, ಹಾಗೆ ಹೇಳಿದ್ದು ನಾನೇ. ಅದನ್ನೂ ಮರೆತಿಲ್ಲ.

ಅಂಗಡಿಯವನು ಹೊರಗಿನ ಗೋಡೆಗೆ ಹಾಕಿ ಎಂದಿದ್ದನಂತೆ. "ಹೊರಗೆ ಹಾಕಿದರೆ ಉಪ್ಪುಗಾಳಿಗೆ ಒಂದೇ ವರ್ಷದಲ್ಲಿ ತುಕ್ಕು," ಎಂದು ಪೊರ್ಬುಗಳು ಬಚ್ಚಲಿನ ಒಳಗೇ ಕೂರಿಸಿದರು. ಬಾಣಂತಿಗೆ ಗಾಳಿ ತಾಗಬಾರದು ಎಂದು ಕಾನ್ಸೆಪ್ಟಾ ಬಾಯಿ ಕಿಟಕಿಗೆ ಆ ನೀಲಿ ಬೆಡ್‌ಶೀಟ್ ತುರುಕಿದರು. ಗಂಡ ಮಾಡಿದ್ದು ಮಗಳ ಮೇಲಿನ ಪ್ರೀತಿಗೆ, ಹೆಂಡತಿ ಮಾಡಿದ್ದೂ ಪ್ರೀತಿಗೇ.

ಸೋಮವಾರ ಲೀನಾಳ ಮೊದಲ ಸ್ನಾನ. ಮೀಯಿಸಲು ಬರುವ ಪ್ರೆಸಿಲ್ಲಾ ಬಾಯಿ ಹೊರಗೆ ಬಂದು, "ತಲೆ ಭಾರ ಮಾರಾಯ್ತಿ, ಚಾ ಕೊಡು," ಎಂದರು. ಚಾ ಕುಡಿದರು, ಹೋದರು. ಲೀನಾ ಮಧ್ಯಾಹ್ನದವರೆಗೂ ತಲೆ ಹಿಡಿದುಕೊಂಡು ಮಲಗಿದ್ದಳು.

ಮರುದಿನ ಮಂಗಳವಾರ. ಮಗು ಹುಟ್ಟಿ ಏಳನೇ ದಿನ. ತಾಯಿ-ಮಗುವನ್ನು ನೋಡಲು ಆಶಾ ಕಾರ್ಯಕರ್ತೆ ಕುಶಲಾ ಬಂದಿದ್ದಳು. ನಾನೂ ಜಗಲಿಯಲ್ಲಿ ಕೂತಿದ್ದೆ. ಒಳಗೆ ಲೀನಾಳ ಸ್ನಾನ ನಡೆಯುತ್ತಿತ್ತು. ಮುಂದಿನದು ಮಗುವಿನದ್ದು, ಅಜ್ಜಿ ಅದನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಕಾಯುತ್ತಿದ್ದರು. ಅಷ್ಟರಲ್ಲಿ ಬಾಗಿಲು ತೆರೆದು ಪ್ರೆಸಿಲ್ಲಾ ಬಾಯಿ ಗೋಡೆ ಹಿಡಿದುಕೊಂಡು ಬಂದರು.

"ಲೀನಾ ಕುಸಿದು ಕೂತಳು. ನನಗೂ ಕಣ್ಣು ಕತ್ತಲೆ."

"ನಾನು ಹೇಳಲಿಲ್ಲವಾ, ಗಾಳಿ ತಾಗಿದ್ದು ಅದು!" ಎಂದರು ಕಾನ್ಸೆಪ್ಟಾ ಬಾಯಿ. "ಹಸಿ ಬಾಣಂತಿ. ಮೊದಲು ಆ ಬಾಗಿಲು ಮುಚ್ಚಿ!"

ಕುಶಲಾ ಎದ್ದವಳೇ ಕೇಳಿದಳು, "ಬಾಯಮ್ಮ, ಹೆತ್ತದ್ದು ಲೀನಾ. ಪ್ರೆಸಿಲ್ಲಾ ಬಾಯಿಗೆ ಯಾಕೆ ತಲೆ ತಿರುಗಬೇಕು? ಅವರೂ ಹೆತ್ತದ್ದಾ?"

ಕುಶಲಾ ಬಚ್ಚಲಿಗೆ ತಲೆ ಹಾಕಿದಳು, ಉರಿಯುತ್ತಿದ್ದ ಗೀಸರ್ ಕಂಡಳು. "ಅಜ್ಜ, ಹೊರಗಿನಿಂದ ಹೋಗಿ ಆ ಬಟ್ಟೆ ಎಳೆಯಿರಿ! ಪೊರ್ಬುಗಳೇ, ಗ್ಯಾಸ್ ಬಂದ್ ಮಾಡಿ! ಮಗು ಇತ್ತ ಬರುವುದೇ ಬೇಡ!" ಎಂದು ಕೂಗುತ್ತಾ ಲೀನಾಳ ಕಂಕುಳಿಗೆ ಕೈಹಾಕಿ ಜಗಲಿಗೆ ಎಳೆದು ತಂದಳು. ಆಮೇಲೆ ನೂರೆಂಟಕ್ಕೆ ಫೋನ್.

ಆಂಬುಲೆನ್ಸಿಗೆ ಕಾಯುವಾಗ ಪೊರ್ಬುಗಳಿಗೆ ಕೋಪ. "ಗ್ಯಾಸ್ ಸೋರಿದರೆ ವಾಸನೆ ಬರಬೇಕಲ್ಲ? ನನ್ನ ಮೂಗು ಸರಿ ಉಂಟು."

"ಸೋರಿದ್ದಲ್ಲ ಪೊರ್ಬುಗಳೇ," ಎಂದಳು ಕುಶಲಾ. "ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆನೋವು, ವಾಂತಿ, ತಲೆಸುತ್ತು. ಆಮೇಲೆ ಏಳಲಿಕ್ಕೇ ಆಗುವುದಿಲ್ಲ. ಅಷ್ಟು ಸಣ್ಣ ಮಗುವಿಗೆ ಎಷ್ಟು ಹೊತ್ತು ಬೇಕು ಹೇಳಿ?"

ಕಾನ್ಸೆಪ್ಟಾ ಬಾಯಿ ಮಗುವನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು.

ಆಸ್ಪತ್ರೆಯಲ್ಲಿ ಲೀನಾಳಿಗೂ ಪ್ರೆಸಿಲ್ಲಾ ಬಾಯಿಗೂ ಆಕ್ಸಿಜನ್ ಕೊಟ್ಟರು. ಮರುದಿನ ಲೀನಾ ನಗುತ್ತಾ ಬಂದಳು. ಪ್ರೆಸಿಲ್ಲಾ ಬಾಯಿ ಜಗಲಿ ಹತ್ತುವಾಗಲೇ, "ಏ ಕುಶಲಾ, ನಾನು ಹೆರದೆಯೇ ಆಸ್ಪತ್ರೆ ಸೇರಿ ಬಂದೆ ನೋಡು!" ಎಂದರು. ಎರಡು ದಿನದಲ್ಲಿ ಆ ಮನೆಯಲ್ಲಿ ನಗು ಕೇಳಿದ್ದು ಆಗಲೇ.

ಈಗ ಬೇರೆ ಗೀಸರ್ ಆಗಬೇಕಲ್ಲ? ಪೊರ್ಬುಗಳಿಗೆ ಕರೆಂಟಿನದ್ದೆಂದರೆ ಶಾಕಿನ ಹೆದರಿಕೆ. ಎಲೆಕ್ಟ್ರಿಷಿಯನ್ ಕಾರ್ಲ್ಟನ್ ಬಂದು ಹೇಳಿದ, "ಅಂಕಲ್, ಅರ್ತಿಂಗ್ ಸರಿ ಉಂಟಾ ಎಂದು ಮೊದಲು ನೋಡುತ್ತೇನೆ. ಸ್ವಲ್ಪ ಕರೆಂಟ್ ಸೋರಿದರೂ ತಾನೇ ಬಂದ್ ಆಗುವ ಸ್ವಿಚ್ಚು ಉಂಟು, ಅದನ್ನು ಹಾಕುವ. ಐಎಸ್‌ಐ ಗುರುತು ಇರುವುದೇ ತನ್ನಿ. ನಿಮ್ಮದು ಉಪ್ಪುನೀರೆಂದು ಅಂಗಡಿಯಲ್ಲಿ ಹೇಳಿ, ಒಳಗೆ ಗಾಜಿನ ಲೇಪ ಇರುವ ಟ್ಯಾಂಕ್ ಕೊಡುತ್ತಾರೆ. ವರ್ಷಕ್ಕೊಮ್ಮೆ ನನ್ನನ್ನು ಕರೆದು ಕ್ಲೀನ್ ಮಾಡಿಸಿ."

"ಮತ್ತೆ ಕರೆಂಟ್ ಹೋದರೆ ಎಂತ ಮಾಡುವುದು?"

"ಒಮ್ಮೆ ಕಾದ ನೀರು ಟ್ಯಾಂಕಿನಲ್ಲಿ ಗಂಟೆಗಟ್ಟಲೆ ಬಿಸಿ ಇರುತ್ತದೆ ಅಂಕಲ್. ಅದೂ ಸಾಲದಿದ್ದರೆ ಹೊರಗಿನ ಒಲೆಯಲ್ಲಿ ನಿಮ್ಮ ತಾಮ್ರದ ಹಂಡೆ ಉಂಟಲ್ಲ, ಅದನ್ನು ಯಾರೂ ಕದ್ದಿಲ್ಲ."

ಗ್ಯಾಸಿನದ್ದೇ ಬೇಕೆನ್ನುವವರಿಗೆ ಕುಶಲಾಳ ಮಾತು ಒಂದೇ: ಗೀಸರ್ ಹೊರಗೆ ಬಯಲುಗಾಳಿಯಲ್ಲಿರಲಿ, ಪೈಪಿನಲ್ಲಿ ಬಿಸಿನೀರು ಮಾತ್ರ ಒಳಗೆ ಬರಲಿ. ತುಕ್ಕು ಹಿಡಿದರೆ ಹಿಡಿಯಲಿ, ತಗಡು ಇನ್ನೊಂದು ಸಿಗುತ್ತದೆ.

ಪೊರ್ಬುಗಳು ಕರೆಂಟಿನದ್ದೇ ಹಾಕಿಸಿದರು. ಮೊದಲ ದಿನ ಕಾನ್ಸೆಪ್ಟಾ ಬಾಯಿ ಬೆಚ್ಚಗೆ ಸುತ್ತಿದ್ದ ಮೊಮ್ಮಗಳನ್ನು ಪ್ರೆಸಿಲ್ಲಾ ಬಾಯಿಯ ಕಾಲ ಮೇಲೆ ಮಲಗಿಸಿ, ತಾವೇ ಹೋಗಿ ಕಿಟಕಿ ತೆರೆದಿಟ್ಟರು. ಮಗು ಬೊಬ್ಬೆ ಹೊಡೆದ ಶಬ್ದ ನನ್ನ ಮನೆಯವರೆಗೆ ಕೇಳಿತು. ಅಷ್ಟು ಚಂದದ ಬೊಬ್ಬೆ ನಾನು ಕೇಳಿದ್ದಿಲ್ಲ.

ಈಗ ನೀವು ಏಳಿ. ನಿಮ್ಮ ಬಚ್ಚಲಿಗೆ ಹೋಗಿ ತಲೆ ಎತ್ತಿ ನೋಡಿ. ಗ್ಯಾಸ್ ಗೀಸರ್ ಒಳಗಿದ್ದರೆ ಇವತ್ತೇ ಬಂದ್ ಮಾಡಿ, ಹೊರಗೆ ಹಾಕಿಸುವವರೆಗೆ ಮುಟ್ಟಬೇಡಿ. ಸ್ನಾನ ಮಾಡುವಾಗ ತಲೆ ತಿರುಗಿದರೆ ಮೊದಲು ಹೊರಗೆ ಬನ್ನಿ, ಆಮೇಲೆ ನೂರೆಂಟಕ್ಕೆ ಫೋನ್ ಮಾಡಿ. ಕಾರ್ಕಳದಲ್ಲಿ, ಮಣಿಪಾಲದಲ್ಲಿ ನಿಮ್ಮ ಗುರುತಿನವರ ಮನೆಯಲ್ಲಿ ಬಾಣಂತಿ ಇದ್ದರೆ ಈ ವಾಯ್ಸ್ ನೋಟ್ ಮೊದಲು ಅವರಿಗೆ ಕಳಿಸಿ. ನಾಳೆ ಎಂದರೆ ನೀವು ಮರೆಯುತ್ತೀರಿ, ನಿಮ್ಮ ನೆನಪಿನ ಮೇಲೆ ನನಗೆ ನಂಬಿಕೆ ಇಲ್ಲ.