ಅರ್ಧ ನಿಮಿಷಕ್ಕೊಂದು ಚುಕ್ಕೆ

ಹೆಣಕ್ಕೆ ಸ್ನಾನ ಮಾಡಿಸುವವನು ಶಹಾತನ ತೋಳೆತ್ತಿ ನೀರು ಹೊಯ್ಯುವಷ್ಟರಲ್ಲಿ ತಮ್ಮ ಮಹ್ರೂಸ್ ಅವನ ಕೈ ಹಿಡಿದು ನಿಲ್ಲಿಸಿದ. ಅಣ್ಣನ ತೋಳು, ಪಕ್ಕೆ, ತೊಡೆಯ ತುಂಬ ಬದನೆಕಾಯಿ ಬಣ್ಣದ ಕಲೆಗಳು.

ಹೊರಗೆ ಬಂದವನೇ ಕೂಗಿದ: "ಅತ್ತಿಗೆ, ಯಾವುದ್ರಲ್ಲಿ ಹೊಡೆದೆ? ಲಟ್ಟಣಿಗೇಲಾ?"

"ಹೊಡೆಯೋಳಾಗಿದ್ರೆ ಮೊದಲು ನಿನಗೇ ಬಿಡ್ತಿದ್ದೆ, ಮಹ್ರೂಸ್," ಇನ್ಸಾಫ್ ಅಂದಳು.

"ಪೊಲೀಸ್ ಬರೋವರೆಗೂ ಹೆಣ ಎತ್ತೋ ಹಾಗಿಲ್ಲ."

ಮಧ್ಯಾಹ್ನದ ನಮಾಜಿಗೆ ಹೆಣ ಮಸೀದಿ ಸೇರಬೇಕಿತ್ತು. ಈಜಿಪ್ಟಿನ ತಾಂತಾ ಊರಿನ ಆ ಓಣಿಯ ಹೆಂಗಸರೆಲ್ಲ ಇನ್ಸಾಫಳ ಕೈಗಳನ್ನೇ ನೋಡತೊಡಗಿದರು.

ಅಷ್ಟರಲ್ಲಿ ವೈದ್ಯ ಕಾಲೇಜಿನ ಡಾಕ್ಟರ್ ನಿವೀನ್ ಬಂದಳು. ಅವಳ ಪ್ರಯೋಗದ ಇಲಿಗಳನ್ನು ನೋಡಿಕೊಳ್ಳುತ್ತಿದ್ದವನು ಶಹಾತನೇ.

"ಡಾಕ್ಟರಮ್ಮ, ಇದು ಅವರ ಜೇಬಲ್ಲಿತ್ತು. ನಿಮ್ಮದೇನೋ," ಎಂದು ಇನ್ಸಾಫ್ ಮಡಚಿದ ಕಾಗದವೊಂದನ್ನು ಕೊಟ್ಟಳು.

*

ಔಷಧಿ ತಿನ್ನಿಸಿದ ಇಲಿಯ ಬಾಲದ ತುದಿ ಕತ್ತರಿಸಿ, ಅರ್ಧ ನಿಮಿಷಕ್ಕೊಮ್ಮೆ ಗಾಯಕ್ಕೆ ಸೋಸುಕಾಗದ ಒತ್ತಿ ರಕ್ತದ ಚುಕ್ಕೆ ಹಿಡಿಯುವುದು ಶಹಾತನ ಕೆಲಸ. ಗಟ್ಟಿ ಇಲಿಗೆ ನಾಲ್ಕೈದು ಚುಕ್ಕೆಯಲ್ಲಿ ರಕ್ತ ನಿಲ್ಲುತ್ತದೆ. ಔಷಧಿಯಿಂದ ಮೂಳೆಮಜ್ಜೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಹುಟ್ಟುವುದು ನಿಂತರೆ ಚುಕ್ಕೆಗಳು ಮುಗಿಯುವುದೇ ಇಲ್ಲ.

ಹೋದ ವಾರ ಅವನು ಕಾಗದವೊಂದನ್ನು ನಿವೀನಳ ಮೇಜಿನ ಮೇಲಿಟ್ಟ. ಮೂವತ್ತೊಂದು ಚುಕ್ಕೆ.

"ಯಾವ ಪಂಜರದ್ದು ಕಾಕಾ?"

"ಇದಕ್ಕೆ ಏನಾದ್ರೂ ಮಾಡಬಹುದಾ ಡಾಕ್ಟರಮ್ಮ?"

"ಇನ್ನೇನು ಮಾಡೋದು? ಉಳಿಯಲ್ಲ. ಗುಂಪಿಂದ ತೆಗೆದುಬಿಡಿ." ಕೆಂಪು ಪೆನ್ನಿನಿಂದ ಗೀಟು ಎಳೆದು ಹಿಂದೆ ಕೊಟ್ಟಳು.

"ಆಗಲಿ," ಎಂದು ಅವನು ಮಡಚಿಕೊಂಡ. ಬೆರಳಿಗೆ ಬಟ್ಟೆ ಸುತ್ತಿತ್ತು. ಇಲಿ ಕಚ್ಚಿರಬೇಕು ಅಂದುಕೊಂಡಳು.

*

"ಕಾಕಾ ಏನಾದ್ರೂ ಮಾತ್ರೆ ತಗೊಳ್ತಿದ್ರಾ?" ಕಾಗದದ ಕೆಂಪು ಗೀಟನ್ನು ಗುರುತಿಸಿ, ಮೈಮೇಲಿನ ಕಲೆಗಳ ವಿಷಯವನ್ನೂ ಕೇಳಿ ತಿಳಿದ ನಿವೀನ್ ಕೇಳಿದಳು.

"ಕೀಲುನೋವಿಗೆ." ಇನ್ಸಾಫ್ ಡಬ್ಬಿ ತಂದಳು. "ಆಸ್ಪತ್ರೇಲಿ ವಾರಕ್ಕೊಂದು ಅಂದಿದ್ರಂತೆ. ನೋವು ತಡೀದೆ ದಿನಾ ನುಂಗೋರು."

ಇಲಿಗಳಿಗೆ ಹಾಕುತ್ತಿದ್ದದ್ದೂ ಅದೇ ಮಾತ್ರೆ. ಪ್ರಯೋಗಾಲಯದಲ್ಲಿ ಅದರ ಡಬ್ಬಿ ಬೇರೆ, ಹೆಸರು ಬೇರೆ; ಎರಡೂ ಒಂದೇ ಎಂದು ಶಹಾತನಿಗೆ ಗೊತ್ತಿರಲಿಲ್ಲ.

ನಿವೀನ್ ಕಾಗದವನ್ನು ಮಹ್ರೂಸನ ಮುಂದೆ ಬಿಡಿಸಿ ಹಿಡಿದಳು. "ನಿಮ್ಮತ್ತಿಗೆ ಹೊಡೆದಿಲ್ಲ. ಈ ಮಾತ್ರೆಯಿಂದ ಮೈಯೊಳಗೇ ರಕ್ತ ಸೋರಿದೆ. ಇದು ನಿಮ್ಮಣ್ಣನ ರಕ್ತ. ಹೋದ ವಾರ ನನಗೆ ತಂದು ತೋರಿಸಿದ್ರು."

"ತೋರಿಸಿದ್ನಾ? ನೀವೇನು ಅಂದ್ರಿ?"

"ಇಲಿಯದು ಅಂದ್ಕೊಂಡೆ," ಎಂದಳು. ಹೆಬ್ಬೆರಳಿನಿಂದ ಕೆಂಪು ಗೀಟನ್ನು ಮುಚ್ಚಿದಳು.

ಮಹ್ರೂಸ್ ಅತ್ತಿಗೆಯ ಕಡೆ ನೋಡದೆ ಒಳಗೆ ಹೋಗಿ, ತಾನೇ ತಂಬಿಗೆ ತಗೊಂಡು ಅಣ್ಣನ ತೋಳಿಗೆ ನೀರು ಹೊಯ್ದ.

ಹೆಣ ಓಣಿ ದಾಟಿತು. ನಿವೀನಳ ಕೈಯಲ್ಲಿ ಕಾಗದ ಹಾಗೇ ಇತ್ತು. ಚುಕ್ಕೆಗಳೆಲ್ಲ ಕಂದುಬಣ್ಣಕ್ಕೆ ತಿರುಗಿದ್ದವು. ಅವುಗಳ ಮೇಲೆ ಎಳೆದ ಗೀಟು ಮಾತ್ರ ಇನ್ನೂ ಕೆಂಪಗಿತ್ತು.